ಜವಳಿ ವ್ಯಾಪಾರಿ ಕಂಡ ಈಜುಗಾರರು

ಒಲಿಂಪಿಕ್ ಈಜುಗಾರ ಒಂದು ಸೆಕೆಂಡಿನಲ್ಲಿ ಎಷ್ಟು ದೂರ ಈಜಬಲ್ಲನೆಂದು ಬಲ್ಲಿರಾ? ಎರಡು ಮೀಟರಿಗಿಂತ ತುಸು ಹೆಚ್ಚು. ಅಂದರೆ ತನ್ನ ಮೈಯುದ್ದದಷ್ಟೇ, ಇಲ್ಲವೇ ಅದಕ್ಕಿಂತ ತುಸು ಹೆಚ್ಚು. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಅದೇ ಸೆಕೆಂಡಿನಲ್ಲಿ ತನ್ನ ಮೈಯುದ್ದದ ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು ದೂರ ಸಾಗುತ್ತದೆ. ಬ್ಯಾಕ್ಟೀರಿಯಾಗಳ ಈ ಓಟವನ್ನು ಮೊದಲು ಕಂಡು ಬರೆದಿಟ್ಟವರು ಪ್ರೊಫೆಸರರಲ್ಲ, ಒಬ್ಬ ಜವಳಿ ವ್ಯಾಪಾರಿ.

ಆಂಟನಿ ವಾನ್ ಲೀವೆನ್‌ಹುಕ್ 1632ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಹುಟ್ಟಿದರು. ತಂದೆ ಬುಟ್ಟಿ ಹೆಣೆಯುವವರು. ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಹದಿನಾರರಲ್ಲಿ ಆಂಟನಿ ಆಮ್‌ಸ್ಟರ್‌ಡ್ಯಾಮಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಆ ಕಾಲದ ಪಂಡಿತರ ಭಾಷೆಯಾದ ಲ್ಯಾಟಿನ್ ಕೂಡ ಅವರಿಗೆ ಬರುತ್ತಿರಲಿಲ್ಲ.

ಆದರೆ ಕೈಯಲ್ಲಿ ಕೌಶಲವಿತ್ತು. ಕಾಳಿನಷ್ಟು ಚಿಕ್ಕ ಮಸೂರಗಳನ್ನು ತಾವೇ ತಯಾರಿಸಿ, ಲೋಹದ ಪುಟ್ಟ ತಗಡುಗಳ ನಡುವೆ ಕೂರಿಸುತ್ತಿದ್ದರು. ಇಂದು ಉಳಿದಿರುವವುಗಳಲ್ಲಿ ಒಂದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ತಮ್ಮ ಅತ್ಯುತ್ತಮ ವಿಧಾನವನ್ನು ಮಾತ್ರ ಅವರು ಯಾರಿಗೂ ಹೇಳಿಕೊಡಲಿಲ್ಲ. ಇದು ದೊಡ್ಡ ತಪ್ಪೆಂದೇ ನನ್ನ ಅಭಿಪ್ರಾಯ.

1676ರಲ್ಲಿ ನೀರಿನೊಳಗಿನ ಅಗಣಿತ ಸೂಕ್ಷ್ಮಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ತಮ್ಮ ಡಚ್ ಭಾಷೆಯಲ್ಲೇ ಪತ್ರ ಬರೆದರು. ಅಲ್ಲಿನ ವಿದ್ವಾಂಸರಿಗೆ ಸಂಶಯ. ನೀವಾಗಿದ್ದರೂ ನಂಬುತ್ತಿದ್ದಿರಾ? ಲೀವೆನ್‌ಹುಕ್ ಮುನಿಸಿಕೊಂಡು ಕೂರದೆ, ಕಣ್ಣಾರೆ ಕಂಡ ಪಾದ್ರಿಗಳೇ ಮೊದಲಾದವರ ಸಾಕ್ಷ್ಯಪತ್ರಗಳನ್ನು ಕಳುಹಿಸಿದರು. 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ಮೆಣಸು ನೆನೆಸಿದ ನೀರಿನಲ್ಲಿ ಅವನ್ನು ತಾವೇ ಕಂಡು ಇತರರಿಗೂ ತೋರಿಸಿದ ಮೇಲೆ ಅನುಮಾನ ನೀಗಿತು. 1680ರಲ್ಲಿ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

1683ರಲ್ಲಿ ಅವರು ತಮ್ಮ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನು ಮಳೆನೀರಿನಲ್ಲಿ ಕದಡಿ ನೋಡಿದರು. ದಿನವೂ ಉಪ್ಪಿನಿಂದ ಹಲ್ಲುಜ್ಜುತ್ತಿದ್ದವರು ಅವರು! ಒಂದು ಜಾತಿಯ ಜೀವಿ ಬೇಟೆಮೀನಿನಂತೆ ನೆಟ್ಟಗೆ ನುಗ್ಗುತ್ತಿತ್ತು. ಇನ್ನೊಂದು ಬುಗುರಿಯಂತೆ ತಿರುಗುತ್ತಿತ್ತು.

ಆ ವೇಗ ಎಲ್ಲಿಂದ ಬಂತೆಂದು ತಿಳಿಯಲು ಸುಮಾರು ಮುನ್ನೂರು ವರ್ಷ ಬೇಕಾಯಿತು. ಇ. ಕೋಲಿಯ ಮೈಗೆ ಕೂದಲಿನಂಥ ಎಳೆಗಳಿವೆ. ಅವು ಹುಟ್ಟಿನಂತೆ ಬೀಸುವುದಿಲ್ಲ, ಬುಡದಲ್ಲಿರುವ ಪುಟ್ಟ ಮೋಟರಿನಿಂದ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು ತಿರುಗುತ್ತವೆ ಎಂದು 1970ರ ದಶಕದಲ್ಲಿ ಗೊತ್ತಾಯಿತು. ಅಷ್ಟು ಸಣ್ಣ ಜೀವಿಗೆ ನೀರು ಜೇನಿನಷ್ಟು ಮಂದ. ಮೋಟರು ನಿಂತರೆ ಒಂದು ಅಣುವಿನಷ್ಟೂ ಮುಂದೆ ಜಾರದೆ ಅಲ್ಲೇ ನಿಂತುಬಿಡುತ್ತದೆ.

ಲೀವೆನ್‌ಹುಕ್ 1723ರ ಆಗಸ್ಟಿನಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ದಿನಗಳವರೆಗೂ ಲಂಡನ್ನಿಗೆ ಪತ್ರ ಬರೆಸುತ್ತಲೇ ಇದ್ದರು.