ಹೋಗಿ ಬರ್ತೀನಿ ಎಂದ ದ್ರೌಪದಿ

(ಯುಗಾದಿ ಸಂಚಿಕೆ: ಚಿಣ್ಣರ ಪುಟ)



ರಜೆ ಮುಗಿಸಿ ಬೆಂಗಳೂರಿನಿಂದ ಹೊರಡುವ ದಿನ ಅಜ್ಜಿ ಬಾಗಿಲಲ್ಲಿ ನಿಂತಿರುತ್ತಾರೆ. ನೀವು ಚಪ್ಪಲಿ ಮೆಟ್ಟಿಕೊಳ್ಳುತ್ತಾ “ಹೋಗ್ತೀನಿ ಅಜ್ಜಿ” ಅಂದರೆ ಸಾಕು, ಅವರು ತಿದ್ದುತ್ತಾರೆ: “ಹೋಗ್ತೀನಿ ಅನ್ನಬಾರದು ಪುಟ್ಟಾ, ಹೋಗಿ ಬರ್ತೀನಿ ಅನ್ನು.” ನಮ್ಮಲ್ಲಿ ಹೊರಡುವ ಮಾತಿನೊಳಗೇ ಮರಳಿ ಬರುವ ಮಾತೂ ಇರಬೇಕು. ಹೀಗೆ ಹೋಗಿ ಬರ್ತೀನಿ ಎಂದು ಹೇಳಿ ಹೋದ ಒಬ್ಬ ತಾಯಿಯ ಕಥೆ ಇದು. ಆಕೆ ದ್ರೌಪದಿ. ಯುಗಾದಿ ಹಬ್ಬದಿಂದ ಎಣಿಸಿದರೆ ಹದಿನೈದನೆಯ ದಿನ ಚೈತ್ರದ ಹುಣ್ಣಿಮೆ. ಆ ರಾತ್ರಿ ಆಕೆ ಬೆಂಗಳೂರಿನ ಹಳೇ ಪೇಟೆಗೆ ಬರುತ್ತಾಳೆ. ಆ ಹಬ್ಬದ ಹೆಸರು ಕರಗ.

ಹೂವಿನ ಪರಿಮಳ ಮೊದಲು ಬರುತ್ತದೆ

ನಾನು ಹುಟ್ಟಿ ಬೆಳೆದದ್ದು ಕಾಟನ್‌ಪೇಟೆಯಲ್ಲಿ. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಕೋಟೆ ಕಟ್ಟಿಸಿದರೆಂದು ನೀವು ಕೇಳಿದ್ದೀರಿ. ಆ ಊರಿನ ಎಷ್ಟೋ ಪೇಟೆಗಳಿಗೆ ಅಲ್ಲಿ ಬಾಳಿದವರ ಕಸುಬಿನದೋ ಮಾರಿದ ಸರಕಿನದೋ ಹೆಸರು. ಬಳೆಗೆ ಬಳೇಪೇಟೆ, ಅಕ್ಕಿಗೆ ಅಕ್ಕಿಪೇಟೆ, ಮಡಕೆ ಮಾಡುವವರಿಗೆ ಕುಂಬಾರಪೇಟೆ, ಎಣ್ಣೆ ತೆಗೆಯುವವರಿಗೆ ಗಾಣಿಗರಪೇಟೆ. ನಮ್ಮದು ಹತ್ತಿಯ ಪೇಟೆ. ಹತ್ತಿಗೆ ಅರಳೆ ಅಂತಲೂ ಹೆಸರಿದೆ. ಅರಳೆಪೇಟೆ ಎಂಬ ಮುದ್ದಾದ ಹೆಸರು ಇವತ್ತಿಗೂ ನಮ್ಮ ಪಕ್ಕದಲ್ಲೇ ಉಳಿದಿದೆ.

ಕರಗದ ದಿನ ನಮ್ಮ ವಠಾರದಲ್ಲಿ ಯಾರೂ ಮಲಗುತ್ತಿರಲಿಲ್ಲ. ಹೆಂಗಸರು ರಾತ್ರಿಯಲ್ಲೇ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕುತ್ತಿದ್ದರು. ಅಜ್ಜಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂರುತ್ತಿದ್ದರು. ನನಗೆ ಅವರ ತೊಡೆಯ ಮೇಲೇ ನಿದ್ದೆ ಬಂದುಬಿಡುತ್ತಿತ್ತು. ಯಾವಾಗಲೋ ದೂರದಿಂದ “ಗೋವಿಂದಾ, ಗೋವಿಂದಾ” ಎಂಬ ಕೂಗು. “ಏಳು, ತಾಯಿ ಬಂದಳು” ಎಂದು ಅಜ್ಜಿ ಅಲುಗಿಸುತ್ತಿದ್ದರು. ಕಣ್ಣುಜ್ಜಿಕೊಂಡು ನೋಡಿದರೆ ಏನೂ ಕಾಣದು. ಮೊದಲು ಬರುತ್ತಿದ್ದುದು ಮಲ್ಲಿಗೆಯ ಪರಿಮಳ. ಆಮೇಲೆ ಬಿಳಿ ಪೇಟ ಸುತ್ತಿ, ಬರಿಮೈಯಲ್ಲಿ, ಕೈಯಲ್ಲಿ ಕತ್ತಿ ಹಿಡಿದ ವೀರಕುಮಾರರ ಸಾಲು. ಅವರ ನಡುವೆ ಓಲಾಡುತ್ತಾ ಬರುವ ಹೂವಿನ ಗೋಪುರ! ಜನ ಅದರ ಮೇಲೆ ಮಲ್ಲಿಗೆ ಎರಚುತ್ತಿದ್ದರು. ಅಜ್ಜಿಯ ಕೈಯಿಂದ ಹಾರಿದ ಹೂವೂ ಅದರಲ್ಲಿ ಸೇರಿಹೋಗುತ್ತಿತ್ತು. ಬೆಳಗ್ಗೆ ಎದ್ದಾಗ ಬೀದಿಯೆಲ್ಲ ಬೆಳ್ಳಗೆ.

ಕತ್ತಲೆಯ ರಾಕ್ಷಸ

ಈಗ ಕಥೆಗೆ ಬರೋಣ. ಮಹಾಭಾರತದ ಯುದ್ಧ ಮುಗಿದು ಎಷ್ಟೋ ಕಾಲವಾದ ಮೇಲೆ ಪಾಂಡವರು ರಾಜ್ಯ ಬಿಟ್ಟು ಹಿಮಾಲಯದ ಕಡೆ ನಡೆದರು. ದಾರಿಯಲ್ಲಿ ಮೊದಲು ಕುಸಿದವಳು ದ್ರೌಪದಿ. ಪುಸ್ತಕದ ಮಹಾಭಾರತದಲ್ಲಿ ಭೂಮಿಯ ಮೇಲಿನ ಆಕೆಯ ಕಥೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಕರಗವನ್ನು ಆಚರಿಸುವ ತಿಗಳ ಸಮುದಾಯದ ಹಿರಿಯರು ಅಲ್ಲಿಂದಲೇ ಕಥೆಯನ್ನು ಮುಂದುವರಿಸುತ್ತಾರೆ.

ದ್ರೌಪದಿಗೆ ಬಂದದ್ದು ಮೂರ್ಛೆ ಮಾತ್ರ. ಎಚ್ಚರವಾದಾಗ ಗಂಡಂದಿರಾದ ಪಾಂಡವರು ಮುಂದೆ ಹೋಗಿಬಿಟ್ಟಿದ್ದರು. ಎದುರಿಗೆ ನಿಂತಿದ್ದವನು ತಿಮಿರಾಸುರ. ತಿಮಿರ ಎಂದರೆ ಕತ್ತಲೆ. ಕಾಪಾಡಲು ಯಾರೂ ಇಲ್ಲ. ಆಗ ಆಕೆ ತಾನೇ ಆದಿಶಕ್ತಿಯಾಗಿ ನಿಂತಳು. ಅವಳ ಭುಜಗಳಿಂದ ಸಾವಿರಾರು ವೀರಕುಮಾರರು ಹುಟ್ಟಿ ಬಂದರು. ತಾಯಿಯೂ ಮಕ್ಕಳೂ ಸೇರಿ ಕತ್ತಲೆಯ ರಾಕ್ಷಸನನ್ನು ಗೆದ್ದರು.

ಗೆದ್ದ ಮೇಲೆ ತಾಯಿ ಹೊರಟು ನಿಂತಳು. ಈಗಷ್ಟೇ ಹುಟ್ಟಿದ ಮಕ್ಕಳು, ಇಷ್ಟು ಬೇಗ ಅಮ್ಮನನ್ನು ಹೇಗೆ ಬಿಟ್ಟಾರು? ನಮ್ಮನ್ನು ಬಿಟ್ಟು ಹೋಗಬೇಡ ಎಂದು ಕಾಲು ಹಿಡಿದರು. ಆಗ ಆಕೆ ಮಾತು ಕೊಟ್ಟಳು: ವರ್ಷಕ್ಕೊಮ್ಮೆ ಬಂದು ಮೂರು ದಿನ ನಿಮ್ಮೊಡನೆ ಇರುತ್ತೇನೆ. ಹೋಗಿ ಬರುತ್ತೇನೆ. ಆ ಮೂರು ದಿನಗಳೇ ಚೈತ್ರ ಶುದ್ಧ ತ್ರಯೋದಶಿ, ಚತುರ್ದಶಿ ಮತ್ತು ಹುಣ್ಣಿಮೆ.

ಹಸಿ ಮಣ್ಣು, ಕೆರೆಯ ನೀರು

ಕರಗ ಎಂದರೆ ನೀರಿನ ಪುಟ್ಟ ಕೊಡ. ತಾಯಿ ಬರುವುದು ಹೂವಿನ ಗೋಪುರದೊಳಗಿನ ಆ ಕೊಡದಲ್ಲೇ. ಅವಳ ಮನೆ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನ. ಪಾಂಡವರಿಗೂ ದ್ರೌಪದಿಗೂ ಪೂಜೆ ನಡೆಯುವ ಅಪರೂಪದ ಗುಡಿ ಅದು. ಹಬ್ಬ ಧ್ವಜಾರೋಹಣದಿಂದ ಶುರುವಾಗುತ್ತದೆ. ತ್ರಯೋದಶಿಯ ದಿನ ಸಂಪಂಗಿ ಕೆರೆಯಂಗಳದಿಂದ ಹಸಿ ಕರಗ ಬರುತ್ತದೆ. ಹಸಿ ಎಂದರೆ ಸುಡದ ಮಣ್ಣಿನದು. ಅದರೊಳಗೆ ಏನಿರುತ್ತದೆ ಎಂಬುದು ಗುಟ್ಟು, ಗುಟ್ಟಾಗಿಯೇ ಉಳಿಯಬೇಕು.

ನೀವು ಬೆಂಗಳೂರಿಗೆ ಹೋದಾಗ ಸಂಪಂಗಿ ಕೆರೆ ಎಲ್ಲಿದೆ ಎಂದು ಹುಡುಕಿ ನೋಡಿ. ನಿಮಗೆ ಸಿಗುವುದು ಕಂಠೀರವ ಕ್ರೀಡಾಂಗಣ! ಅಷ್ಟು ದೊಡ್ಡ ಕೆರೆ ಮುಚ್ಚಿಹೋಗಿ ಅಲ್ಲಿ ಆಟದ ಮೈದಾನ ಬಂತು. ಉಳಿದದ್ದು ಪುಟ್ಟ ಕೊಳವೊಂದೇ. ಕರಗ ಇಲ್ಲದಿದ್ದರೆ ಅಲ್ಲೊಂದು ಕೆರೆ ಇತ್ತೆಂಬ ನೆನಪೂ ಅಳಿಸಿಹೋಗುತ್ತಿತ್ತೇನೋ.

ತಿಗಳರು ತೋಟಗಾರರು. ಕೆರೆಗಳ ಕೆಳಗಿನ ನೆಲದಲ್ಲಿ ಸೊಪ್ಪು, ತರಕಾರಿ, ಹೂವು ಬೆಳೆದು ಊರಿಗೆ ಉಣಿಸಿದವರು, ಮುಡಿಸಿದವರು. ಅವರು ತಮ್ಮನ್ನು ವಹ್ನಿಕುಲದವರು ಎಂದು ಕರೆದುಕೊಳ್ಳುತ್ತಾರೆ. ವಹ್ನಿ ಎಂದರೆ ಬೆಂಕಿ. ದ್ರೌಪದಿ ಹುಟ್ಟಿದ್ದೂ ದ್ರುಪದ ರಾಜನ ಯಜ್ಞದ ಬೆಂಕಿಯಲ್ಲಿ. ನೋಡಿ, ಬೆಂಕಿಯಲ್ಲಿ ಹುಟ್ಟಿದ ಮಗಳು ನೀರಿನ ಕೊಡದಲ್ಲಿ ಬರುತ್ತಾಳೆ. ಅದೂ ಯಾವಾಗ? ಬಿಸಿಲು ಏರಿ ಕೆರೆಗಳು ಇಳಿಯುವ ಚೈತ್ರದಲ್ಲಿ. ತೋಟಗಾರನ ಮನಸ್ಸಿನಿಂದ ಯೋಚಿಸಿದರೆ ಈ ಹಬ್ಬದ ಅರ್ಥ ನನಗೆ ಹೀಗೆ ತಿಳಿಯುತ್ತದೆ: ಕತ್ತಲೆ ಕಳೆಯಲಿ, ನೀರು ಬತ್ತದಿರಲಿ.

ಕರಗ ಹೊರುವವರು ಬಹಳ ದಿನ ವ್ರತದಲ್ಲಿದ್ದು ಅಣಿಯಾಗುತ್ತಾರೆ. ಅವರು ಗಂಡಸು. ಆದರೆ ಆ ರಾತ್ರಿ ಅವರು ತಾಯಿಯೇ. ಸೀರೆ ಉಟ್ಟು, ಬಳೆ ತೊಟ್ಟು, ಕಾಡಿಗೆ ಹಚ್ಚಿಕೊಳ್ಳುತ್ತಾರೆ. ಅವರ ಹೆಂಡತಿ ತನ್ನ ತಾಳಿಯನ್ನೂ ಬಳೆಗಳನ್ನೂ ತೆಗೆದುಕೊಟ್ಟು, ಹಬ್ಬ ಮುಗಿಯುವವರೆಗೂ ಅವರ ಕಣ್ಣಿಗೆ ಬೀಳದೆ ಇರುತ್ತಾರೆ. ಮೆರವಣಿಗೆಯಲ್ಲಿ ಆಕೆ ಯಾರಿಗೂ ಕಾಣುವುದಿಲ್ಲ. ನೀವು ಕರಗ ನೋಡುವಾಗ ಆಕೆಯನ್ನೂ ನೆನೆಯಿರಿ. ನಡುರಾತ್ರಿ ಕಳೆದು ಗುಡಿಯಿಂದ ಹೊರಟ ಕರಗ ಅವೆನ್ಯೂ ರಸ್ತೆ, ಮಾರ್ಕೆಟ್ಟು, ಕಾಟನ್‌ಪೇಟೆ, ಬಳೇಪೇಟೆ ಎಂದು ಪೇಟೆಯನ್ನೆಲ್ಲ ಸುತ್ತಿ ಬೆಳಕು ಹರಿಯುವಾಗ ಗುಡಿಗೆ ಮರಳುತ್ತದೆ. ಅಷ್ಟು ಹೊತ್ತೂ ತಲೆಯ ಮೇಲಿನ ಕರಗವನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಕೊನೆಗೆ ಅರಿಶಿನದ ನೀರು ಎರಚಾಡುವ ವಸಂತೋತ್ಸವ. ಆ ಓಕುಳಿಯನ್ನು ಕಂಡರೆ ನಿಮಗೆ ಹೋಳಿಯ ನೆನಪಾದೀತು.

ಮಸ್ತಾನರ ಮನೆಯ ಬಾಗಿಲು

ನಮ್ಮ ಕಾಟನ್‌ಪೇಟೆಯಲ್ಲಿ ಹಜ್ರತ್ ತವಕ್ಕಲ್ ಮಸ್ತಾನ್ ಅವರ ದರ್ಗಾ ಇದೆ. ಅವರು ಹೈದರಾಲಿಯ ಕಾಲದ ಸೂಫಿ ಸಂತರು. ಆಗ ಕೋಟೆಯನ್ನು ಮತ್ತೆ ಕಟ್ಟುವಾಗ ದಿನವಿಡೀ ಕಲ್ಲು ಹೊತ್ತು, ಸಂಜೆ ಕೂಲಿ ಪಡೆಯದೆ ಸುಮ್ಮನೆ ಹೊರಟುಹೋಗುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ.

ಇನ್ನೊಂದು ಕಥೆ ಹೀಗಿದೆ. ಒಮ್ಮೆ ಮಸ್ತಾನರು ಕರಗ ನೋಡಲು ಬಂದರು. ನೂಕುನುಗ್ಗಲಿನಲ್ಲಿ ಬಿದ್ದು ಗಾಯವಾಯಿತು. ಗುಡಿಯವರು ತಾಯಿಯ ಕುಂಕುಮವನ್ನು ಗಾಯಕ್ಕೆ ಹಚ್ಚಿದರು. ಗಾಯ ಮಾಯಿತು. ಆಗ ಮಸ್ತಾನರು ಕೇಳಿಕೊಂಡದ್ದು ಒಂದೇ: ಪ್ರತಿ ವರ್ಷ ತಾಯಿ ನನ್ನ ಬಾಗಿಲಿಗೂ ಬಂದು ಹೋಗಲಿ. ಅಂದಿನಿಂದ ಕರಗ ದರ್ಗಾಕ್ಕೆ ಬರುತ್ತದೆ, ದರ್ಗಾದ ಹಿರಿಯರು ಗೌರವದಿಂದ ಬರಮಾಡಿಕೊಳ್ಳುತ್ತಾರೆ. ನಮ್ಮ ಬೀದಿಯಲ್ಲಿ ಹಿಂದೂಗಳೂ ಮುಸ್ಲಿಮರೂ ಅಕ್ಕಪಕ್ಕ ನಿಂತು ಆ ಹೊತ್ತಿಗಾಗಿ ಕಾಯುತ್ತಿದ್ದೆವು. ಮೊದಲು ಮಕ್ಕಳಿಗೆ ಕೊಟ್ಟ ಹಾಗೆಯೇ, ಮಸ್ತಾನರಿಗೆ ಎರಡನೆಯ ಸಲ ಕೊಟ್ಟ ಮಾತು ಇದು.

ಮಾತು ಕೊಡುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. 2020ರಲ್ಲಿ ಕೊರೊನಾ ಬಂದಾಗ ಮೆರವಣಿಗೆ ನಿಂತಿತು. ಆದರೂ ಹಬ್ಬ ತಪ್ಪಲಿಲ್ಲ. ಗುಡಿಯೊಳಗೇ ಸರಳವಾಗಿ ನಡೆಯಿತು. 2022ರಲ್ಲಿ ಮೆರವಣಿಗೆ ಮತ್ತೆ ಹೊರಡುವ ಹೊತ್ತಿಗೆ, ದರ್ಗಾಕ್ಕೆ ಹೋಗುವುದು ಬೇಡ ಎಂದು ಕೆಲವರು ಹೇಳಿದರು. ದರ್ಗಾದ ಹಿರಿಯರು ಗುಡಿಗೇ ಬಂದು ತಾಯಿಯನ್ನು ಕರೆದರು. ಗುಡಿಯವರು ಹಿಂದಿನಿಂದ ಬಂದದ್ದನ್ನು ಬಿಡೆವು ಎಂದರು. ಆ ಹುಣ್ಣಿಮೆಯ ರಾತ್ರಿಯೂ ಕರಗ ಕಾಟನ್‌ಪೇಟೆಗೆ ಬಂತು. ನನ್ನ ಪೇಟೆಯ ಬಗ್ಗೆ ನನಗೆ ಹೆಮ್ಮೆ ಎನಿಸುವ ಸಂಗತಿಗಳಲ್ಲಿ ಇದೇ ಮೊದಲನೆಯದು.

ದ್ರೌಪದಿಯನ್ನು ತಾಯಿ ಎಂದು ಪೂಜಿಸುವವರು ಬೆಂಗಳೂರಿನಲ್ಲಿ ಮಾತ್ರವಿಲ್ಲ. ಕೋಲಾರ, ಹೊಸಕೋಟೆ, ಆನೇಕಲ್ ಕಡೆಗಳಲ್ಲೂ ಕರಗ ನಡೆಯುತ್ತದೆ. ತಮಿಳುನಾಡಿನ ಹಲವು ಊರುಗಳಲ್ಲಿ ಆಕೆ ದ್ರೌಪದಿ ಅಮ್ಮ. ಸಿಂಗಪುರದ ಶ್ರೀ ಮಾರಿಯಮ್ಮನ್ ದೇವಸ್ಥಾನದಲ್ಲಿ ದೀಪಾವಳಿಗೆ ಮುಂಚೆ ಭಕ್ತರು ಕೆಂಡ ಹಾಯುವುದೂ ಆಕೆಯ ಹೆಸರಿನಲ್ಲೇ. ಊರು ಬಿಟ್ಟು ಕಡಲು ದಾಟಿದವರು ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋದರು.

ನಿಮಗೊಂದು ಕೆಲಸ

ಚೈತ್ರದ ಹುಣ್ಣಿಮೆ ಯಾವ ದಿನ ಎಂದು ಅಮ್ಮ ಅಪ್ಪನ ಜೊತೆ ಪಂಚಾಂಗದಲ್ಲಿ ಹುಡುಕಿ ಗುರುತು ಹಾಕಿ. ಆ ಸಂಜೆ ಒಂದು ಚಿಕ್ಕ ಚೊಂಬಿಗೆ ಅರ್ಧ ನೀರು ತುಂಬಿ, ಸಿಕ್ಕಿದ ಹೂವು ಕಟ್ಟಿ, ತಲೆಯ ಮೇಲಿಟ್ಟುಕೊಳ್ಳಿ. ಎರಡೂ ಕೈ ಬಿಟ್ಟು ಅಡುಗೆಮನೆಯಿಂದ ಮುಂಬಾಗಿಲವರೆಗೆ ನಡೆಯಿರಿ. ನೀರು ತುಳುಕಿದರೆ ಪರವಾಗಿಲ್ಲ, ಮತ್ತೆ ಶುರು ಮಾಡಿ. ಇಡೀ ರಾತ್ರಿ ಹಾಗೆ ನಡೆಯುವುದು ಎಂದರೇನು ಎಂಬುದು ನಿಮ್ಮ ಕತ್ತಿಗೇ ತಿಳಿಯುತ್ತದೆ.

ಆಮೇಲೆ ಅಜ್ಜಿಗೆ ಫೋನ್ ಮಾಡಿ, ಅವರು ಕಂಡ ಕರಗದ ಕಥೆ ಕೇಳಿ. ಮಾತು ಮುಗಿಸುವಾಗ ಏನು ಹೇಳಬೇಕೆಂದು ನಿಮಗೆ ಗೊತ್ತು.

ಪದ ಪರಿಚಯ

ಜಗಲಿ: ಮನೆಯ ಮುಂದೆ ಕೂರಲು ಕಟ್ಟಿದ ಕಟ್ಟೆ.
ವಠಾರ: ಒಂದೇ ಅಂಗಳದ ಸುತ್ತ ಹಲವು ಸಂಸಾರಗಳು ಬಾಳುವ ಮನೆಗಳ ಗುಂಪು.
ಶುದ್ಧ: ಚಂದ್ರ ದಿನದಿನಕ್ಕೂ ಬೆಳೆಯುವ ಹದಿನೈದು ದಿನ.
ಓಕುಳಿ: ಹಬ್ಬದಲ್ಲಿ ಎರಚಾಡುವ ಬಣ್ಣದ ನೀರು.