ಚರ್ಮರೋಗಿಗಳ ಬಂಧು ಫರ್ಡಿನಾಂಡ್ ಹೆಬ್ರಾ

ಮನುಷ್ಯನಿಗೆ ಬರುವ ರೋಗಗಳಲ್ಲಿ ಕೆಲವು ಪ್ರಾಣವನ್ನು ತೆಗೆಯುತ್ತವೆ. ಕೆಲವು ಮಾನವನ್ನು ತೆಗೆಯುತ್ತವೆ. ಕಜ್ಜಿ, ಇಸುಬು, ಗಜಕರ್ಣಗಳು ಈ ಎರಡನೆಯ ಜಾತಿಗೆ ಸೇರಿದವು. ಜ್ವರದಿಂದ ಮಲಗಿದವನನ್ನು ನೆರೆಹೊರೆಯವರು ಬಂದು ವಿಚಾರಿಸುತ್ತಾರೆ. ಬೆರಳ ಸಂದಿಯಲ್ಲಿ ಕಜ್ಜಿಯೆದ್ದವನ ಬಳಿ ಕುಳಿತುಕೊಳ್ಳಲು ಯಾರೂ ಒಪ್ಪುವುದಿಲ್ಲ. ಇರುಳೆಲ್ಲ ನಿದ್ರೆಯಿಲ್ಲದೆ ಕೆರೆದುಕೊಂಡು, ಹಗಲಿನಲ್ಲಿ ಕೈಯನ್ನು ಮರೆಮಾಡಿಕೊಂಡು ದುಡಿಯುವವನ ಸಂಕಟ ಅನುಭವಿಸಿದವನಿಗೇ ಗೊತ್ತು. ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಒತ್ತೊತ್ತಾಗಿ ಚಾಪೆ ಹಾಸಿ ಮಲಗುವವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇಂತಹ ರೋಗಿಗಳ ನಡುವೆಯೇ ತನ್ನ ಆಯುಷ್ಯವನ್ನು ಕಳೆದು, ಚರ್ಮರೋಗ ಚಿಕಿತ್ಸೆಯನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದವನು ವಿಯೆನ್ನಾ ನಗರದ ವೈದ್ಯ ಫರ್ಡಿನಾಂಡ್ ಹೆಬ್ರಾ. ಅವನ ಜೀವನವನ್ನು ತಿಳಿಯುವುದು ವೈದ್ಯರಿಗೆ ಮಾತ್ರವಲ್ಲದೆ ಸಾಮಾನ್ಯರಾದ ನಮಗೂ ಉಪಯುಕ್ತವಾಗಿದೆ.

ಯಾರಿಗೂ ಬೇಡವಾದ ವಾರ್ಡು

ಹೆಬ್ರಾ ಹುಟ್ಟಿದ್ದು 1816ನೆಯ ಇಸವಿ ಸೆಪ್ಟೆಂಬರ್ 7ರಂದು, ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಮೊರಾವಿಯಾ ಪ್ರಾಂತದ ಬ್ರನೋ ಪಟ್ಟಣದಲ್ಲಿ. ಆ ಊರು ಈಗ ಚೆಕ್ ದೇಶದಲ್ಲಿದೆ. ವಿಯೆನ್ನಾದಲ್ಲಿ ವೈದ್ಯವಿದ್ಯೆಯನ್ನು ಕಲಿತು 1841ರಲ್ಲಿ ಅವನು ಪದವಿಯನ್ನು ಪಡೆದನು.

ಆ ಕಾಲದ ವಿಯೆನ್ನಾ ವೈದ್ಯವಿದ್ಯೆಯ ಒಂದು ದೊಡ್ಡ ಪೀಠವಾಗಿದ್ದಿತು. ಅಲ್ಲಿನ ಸಾರ್ವಜನಿಕ ಆಸ್ಪತ್ರೆಯನ್ನು ಚಕ್ರವರ್ತಿ ಎರಡನೆಯ ಜೋಸೆಫನು 1784ರಲ್ಲಿ ತೆರೆದಿದ್ದನು. ಮೃತದೇಹಗಳನ್ನು ಪರೀಕ್ಷಿಸಿ ರೋಗವು ಯಾವ ಅಂಗದಲ್ಲಿ ಯಾವ ಮಾರ್ಪಾಡನ್ನು ಉಂಟುಮಾಡುತ್ತದೆಂಬುದನ್ನು ತೋರಿಸಿಕೊಡುತ್ತಿದ್ದ ಕಾರ್ಲ್ ರೋಕಿಟಾನ್‌ಸ್ಕಿ, ಎದೆಯನ್ನು ತಟ್ಟಿ ಆಲಿಸಿ ಒಳಗಿನ ರೋಗವನ್ನು ಗುರುತಿಸುವುದರಲ್ಲಿ ನಿಪುಣನಾದ ಯೋಸೆಫ್ ಸ್ಕೋಡಾ, ಇವರಿಬ್ಬರೂ ಹೆಬ್ರಾನ ಗುರುಗಳು. ಊಹೆಯನ್ನು ನಂಬಬಾರದು, ಕಣ್ಣಿಗೆ ಕಂಡುದನ್ನು ನಂಬಬೇಕು ಎಂಬುದು ಅವರ ಉಪದೇಶದ ಸಾರ.

ಸ್ಕೋಡಾನ ಎದೆರೋಗದ ವಿಭಾಗಕ್ಕೆ ಚರ್ಮರೋಗಿಗಳ ವಾರ್ಡೊಂದು ಅಂಟಿಕೊಂಡಿದ್ದಿತು. ಅಲ್ಲಿ ತುಂಬಿದ್ದವರು ಬಹುಮಟ್ಟಿಗೆ ಕಜ್ಜಿಯ ರೋಗಿಗಳು: ಕೈಕಸುಬಿನವರು, ಆಳುಕಾಳುಗಳು, ಊರಿಂದೂರಿಗೆ ಕೆಲಸ ಹುಡುಕಿಕೊಂಡು ಅಲೆಯುವ ಬಡವರು. ಪ್ರತಿಭಾವಂತರಾದ ತರುಣ ವೈದ್ಯರಾರೂ ಆ ಕಡೆಗೆ ತಲೆ ಹಾಕುತ್ತಿರಲಿಲ್ಲ. ಅದರಿಂದ ಕೀರ್ತಿಯೂ ಇಲ್ಲ, ಸಂಪಾದನೆಯೂ ಇಲ್ಲ. ಆ ವಾರ್ಡಿನ ಹೊಣೆಯನ್ನು ಸ್ಕೋಡಾ ತನ್ನ ಸಹಾಯಕನಾದ ಹೆಬ್ರಾನಿಗೆ ವಹಿಸಿದನು. ಇತರರು ಶಿಕ್ಷೆಯೆಂದು ಭಾವಿಸಬಹುದಾಗಿದ್ದ ಕೆಲಸವನ್ನು ಇಪ್ಪತ್ತೈದರ ಆ ತರುಣನು ಭಾಗ್ಯವೆಂದು ಕೈಗೆತ್ತಿಕೊಂಡನು.

ಕೆಟ್ಟ ರಕ್ತವೋ, ನುಸಿಯೋ?

ಕಜ್ಜಿ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಅಂದಿನ ಹೆಚ್ಚಿನ ವೈದ್ಯರ ಬಳಿ ಸಿದ್ಧವಾದ ಉತ್ತರವೊಂದಿದ್ದಿತು. ದೇಹದೊಳಗಿನ ದ್ರವಗಳು ಕೆಟ್ಟು, ಆ ಕೆಡುಕು ಚರ್ಮದ ಮೂಲಕ ಹೊರಬೀಳುತ್ತದೆ. ಮೇಲೆ ಮುಲಾಮು ಹಚ್ಚಿ ಅದನ್ನು ಅಡಗಿಸಿದರೆ ಅದು ಒಳಕ್ಕೆ ತಿರುಗಿ ಶ್ವಾಸಕೋಶ, ಮಿದುಳುಗಳನ್ನು ಹಿಡಿಯುತ್ತದೆ ಎಂದು ಅವರು ಬೋಧಿಸುತ್ತಿದ್ದರು. ಆದುದರಿಂದ ರೋಗಿಗೆ ಭೇದಿಯ ಔಷಧ, ರಕ್ತ ತೆಗೆಯುವುದು, ಪಥ್ಯ ಇವೇ ಚಿಕಿತ್ಸೆಯಾಗಿದ್ದವು. ತುರಿಕೆ ಮಾತ್ರ ಇದ್ದಲ್ಲಿಯೇ ಇರುತ್ತಿತ್ತು.

ಕಜ್ಜಿಯ ನುಸಿಯನ್ನು ಯಾರೂ ಕಂಡಿರಲಿಲ್ಲವೆಂದಲ್ಲ. ಇಟಲಿಯ ಬೊನೊಮೊ ಮತ್ತು ಚೆಸ್ಟೋನಿ ಎಂಬಿಬ್ಬರು 1687ರಲ್ಲಿಯೇ ಸೂಕ್ಷ್ಮದರ್ಶಕದ ಸಹಾಯದಿಂದ ಅದನ್ನು ಕಂಡು, ರೋಗಕ್ಕೆ ಅದೇ ಕಾರಣವೆಂದು ತಿಳಿಸಿದ್ದರು. ವಿದ್ವಾಂಸರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1834ರಲ್ಲಿ ರೆನೂಚಿ ಎಂಬ ಕಾರ್ಸಿಕಾ ದ್ವೀಪದ ವಿದ್ಯಾರ್ಥಿ ಪ್ಯಾರಿಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಸೂಜಿಯ ಮೊನೆಯಿಂದ ನುಸಿಯನ್ನು ಹೊರತೆಗೆದು ಎಲ್ಲರೆದುರಿಗೆ ತೋರಿಸಿದನು. ಅವನು ಆ ವಿದ್ಯೆಯನ್ನು ಕಲಿತದ್ದು ಯಾವ ಮಹಾಪಂಡಿತನಿಂದಲೂ ಅಲ್ಲ, ತನ್ನ ಊರಿನ ಬಡ ಹೆಂಗಸರಿಂದ. ಆದರೂ ನುಸಿಯು ರೋಗದ ಕಾರಣವೋ, ರೋಗಕ್ಕೆ ಮುತ್ತಿಕೊಂಡ ಹುಳುವೋ ಎಂಬ ವಾದ ಮುಗಿಯಲಿಲ್ಲ.

ಈ ವಾದವನ್ನು ಹೆಬ್ರಾ ಮಾತಿನಿಂದ ಅಲ್ಲ, ಪ್ರಯೋಗದಿಂದ ತೀರ್ಮಾನಿಸಲು ಹೊರಟನು. ವಾರ್ಡಿಗೆ ಬಂದ ಕಜ್ಜಿಯ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದನು. ಬೆರಳ ಸಂದಿ, ಮಣಿಕಟ್ಟುಗಳಲ್ಲಿ ಕೂದಲೆಳೆಯಂತೆ ಕಾಣುವ ಸಣ್ಣ ಸುರಂಗಗಳನ್ನು ಗುರುತಿಸಿದನು. ಬಳಿಕ ಜೀವಂತವಾದ ನುಸಿಗಳನ್ನು ತನ್ನ ಮೈಯ ಮೇಲೆಯೇ ಬಿಟ್ಟುಕೊಂಡು ರೋಗವನ್ನು ಬರಿಸಿಕೊಂಡನು. ಆರೋಗ್ಯವಂತನಾದ ಮನುಷ್ಯನಿಗೆ ನುಸಿ ತಗಲಿದರೆ ಕಜ್ಜಿ ಬರುತ್ತದೆ. ನುಸಿ ಸತ್ತರೆ ಕಜ್ಜಿ ಹೋಗುತ್ತದೆ. ಇದರಲ್ಲಿ ಕೆಟ್ಟ ರಕ್ತಕ್ಕೆ ಏನು ಕೆಲಸ?

ಅವನು ಇನ್ನೊಂದು ಸಂಗತಿಯನ್ನೂ ಗಮನಿಸಿದನು. ಕಜ್ಜಿಯ ರೋಗಿಯ ಮೈಮೇಲೆ ಕಾಣುವ ಗುಳ್ಳೆ, ಗಾಯ, ಹಕ್ಕಳೆಗಳಲ್ಲಿ ಬಹುಪಾಲು ನುಸಿಯ ಕೆಲಸವಲ್ಲ. ಅವು ರೋಗಿಯ ಉಗುರಿನ ಕೆಲಸ. ಎಲ್ಲೆಲ್ಲಿ ಕೈ ಎಟುಕಿ ಕೆರೆಯುತ್ತದೆಯೋ ಅಲ್ಲೆಲ್ಲ ಆ ಗಾಯಗಳು ಏಳುತ್ತವೆ. 1844ರಲ್ಲಿ ಅವನು ಪ್ರಕಟಿಸಿದ ಕಜ್ಜಿಯ ಕುರಿತಾದ ಲೇಖನವು ಈ ಎಲ್ಲವನ್ನೂ ಸಪ್ರಮಾಣವಾಗಿ ನಿರೂಪಿಸಿತು. ಗಂಧಕ, ಮರದ ಟಾರು, ಮೆದು ಸಾಬೂನು, ಕೊಬ್ಬು, ಸೀಮೆಸುಣ್ಣ ಇವುಗಳನ್ನು ಬೆರೆಸಿ ಹಿಂದಿನವರು ಮಾಡುತ್ತಿದ್ದ ವಿಲ್ಕಿನ್ಸನ್ ಮುಲಾಮನ್ನು ಅವನು ತಿದ್ದಿ ಬಳಕೆಗೆ ತಂದನು. ಮೇಲೆ ಹಚ್ಚಿದ ಔಷಧದಿಂದ ರೋಗ ಒಳಕ್ಕೆ ತಿರುಗಲಿಲ್ಲ. ಜನ ಗುಣವಾಗಿ ಕೆಲಸಕ್ಕೆ ಮರಳಿದರು.

ಇದರಿಂದ ಬಡವನ ಹೆಗಲ ಮೇಲಿನ ಒಂದು ದೊಡ್ಡ ಅಪವಾದ ಇಳಿಯಿತು. ಕಜ್ಜಿ ಬಂದವನ ರಕ್ತ ಕೆಟ್ಟಿಲ್ಲ, ನಡತೆಯೂ ಕೆಟ್ಟಿಲ್ಲ. ಇಕ್ಕಟ್ಟಿನಲ್ಲಿ ಬಾಳಬೇಕಾಗಿ ಬಂದುದರಿಂದ ಅವನಿಗೆ ಒಂದು ಹುಳು ತಗಲಿದೆ, ಅಷ್ಟೆ.

ದುಡಿಯುವ ಕೈಗಳ ಇಸುಬು

ಕಜ್ಜಿಯ ಬಳಿಕ ಹೆಬ್ರಾ ಇಸುಬಿನ ಕಡೆಗೆ ತಿರುಗಿದನು. ಕೆಂಪಾಗುವುದು, ನೀರುಗುಳ್ಳೆಯೇಳುವುದು, ಒಸರುವುದು, ಹಕ್ಕಳೆಗಟ್ಟುವುದು, ಹೊಟ್ಟೇಳುವುದು, ಇವನ್ನು ಬೇರೆ ಬೇರೆ ರೋಗಗಳೆಂದು ಎಣಿಸಿ ಒಂದೊಂದಕ್ಕೂ ಒಂದೊಂದು ಹೆಸರನ್ನಿಡುವ ರೂಢಿಯಿತ್ತು. ನಮ್ಮಲ್ಲಿ ಭೇದಿಗೆಂದು ಹೆಸರಾದ ಜಾಪಾಳದ ಬೀಜದ ಎಣ್ಣೆಯನ್ನು ಅವನು ಆರೋಗ್ಯವಾದ ಚರ್ಮಕ್ಕೆ ಉಜ್ಜಿ ನೋಡಿದನು. ಒಂದೇ ಎಣ್ಣೆಯಿಂದ ಈ ಎಲ್ಲ ರೂಪಗಳೂ ಉಂಟಾದವು. ಹಾಗಾದರೆ ಇವೆಲ್ಲ ಬೇರೆ ರೋಗಗಳಲ್ಲ, ಒಂದೇ ರೋಗದ ಅವಸ್ಥೆಗಳು. ಮತ್ತು ಹೊರಗಿನ ಉರಿಪದಾರ್ಥವೊಂದೇ ಅದನ್ನು ಹುಟ್ಟಿಸಬಲ್ಲದು ಎಂದು ಅವನು ಸಾಧಿಸಿದನು.

ಅಗಸಗಿತ್ತಿಯರು, ರೊಟ್ಟಿ ಸುಡುವವರು, ದಿನಸಿ ವ್ಯಾಪಾರಿಗಳು ಮುಂತಾದವರ ಕೈಗಳಲ್ಲಿ ಏಳುವ ಇಸುಬಿನ ಮರ್ಮ ಇದರಿಂದ ತಿಳಿಯಿತು. ದಿನವಿಡೀ ನೀರು, ಸಾಬೂನು, ಕ್ಷಾರಗಳಲ್ಲಿ ಕೈಯಾಡಿಸುವವನ ಚರ್ಮ ತನ್ನ ಸಹಜವಾದ ಜಿಡ್ಡನ್ನು ಕಳೆದುಕೊಂಡು ಬಿರಿಯುತ್ತದೆ. ಕಪ್ಪು ಬಸಿಗಳನ್ನು ತೊಳೆಯುವ ನಮ್ಮ ಹುಡುಗರ ಬೆರಳುಗಳನ್ನು ನೋಡಿದರೆ ಈ ಮಾತಿನ ಸತ್ಯ ಇಂದಿಗೂ ಕಾಣುತ್ತದೆ. ಇಂತಹವರಿಗಾಗಿ ಹೆಬ್ರಾ ಸೀಸದ ಮುಲಾಮೊಂದನ್ನು ಬಟ್ಟೆಗೆ ಬಳಿದು ಸುತ್ತುತ್ತಿದ್ದನು. ಸೀಸ ವಿಷವಾದುದರಿಂದ ಆ ಔಷಧ ಈಗ ಬಳಕೆಯಲ್ಲಿಲ್ಲ. ಆದರೆ ಉರಿಪದಾರ್ಥವನ್ನು ದೂರವಿಟ್ಟು, ಚರ್ಮವನ್ನು ಜಿಡ್ಡಿನಿಂದ ಮುಚ್ಚಿ ಕಾಪಾಡಬೇಕೆಂಬ ತತ್ತ್ವ ಇಂದಿಗೂ ನಿಂತಿದೆ.

ಗುರುಪೀಠ

1845ರಲ್ಲಿ ಹೆಬ್ರಾ ಚರ್ಮರೋಗಗಳನ್ನೆಲ್ಲ ಅವುಗಳಿಂದ ಚರ್ಮದಲ್ಲಾಗುವ ಮಾರ್ಪಾಡುಗಳಿಗೆ ಅನುಸಾರವಾಗಿ 12 ವರ್ಗಗಳಾಗಿ ವಿಂಗಡಿಸಿದನು. 1849ರಲ್ಲಿ ಪ್ರಾಧ್ಯಾಪಕನಾದನು, 1869ರಲ್ಲಿ ಪೂರ್ಣ ಪ್ರಾಧ್ಯಾಪಕನ ಸ್ಥಾನ ದೊರೆಯಿತು. ಯಾರೂ ಕಾಲಿಡದಿದ್ದ ವಾರ್ಡಿಗೆ ಈಗ ಯೂರೋಪಿನ ನಾನಾ ದೇಶಗಳಿಂದಲೂ ಅಮೆರಿಕೆಯಿಂದಲೂ ವಿದ್ಯಾರ್ಥಿಗಳು ಬರತೊಡಗಿದರು. ಅವನ ಪಾಠ ಸರಳ, ಹಾಸ್ಯಮಿಶ್ರಿತ.

1856ರಿಂದ 1876ರವರೆಗೆ ಅವನು ಹೊರತಂದ ಚರ್ಮರೋಗಗಳ ಚಿತ್ರಸಂಪುಟವು ಆ ಶಾಸ್ತ್ರದ ಅಮೂಲ್ಯ ಗ್ರಂಥಗಳಲ್ಲೊಂದು. ಎಲ್ಫಿಂಗರ್ ಮತ್ತು ಹೈಟ್ಸ್‌ಮನ್ ಎಂಬ ಕಲಾವಿದರು ರೋಗಿಗಳನ್ನು ನೋಡಿ ಅದರ ವರ್ಣಚಿತ್ರಗಳನ್ನು ಬರೆದರು. ಮೈಯೆಲ್ಲ ಸುಟ್ಟುಕೊಂಡು ಹಾಸಿಗೆಯ ಸೋಂಕನ್ನೂ ತಾಳಲಾರದ ರೋಗಿಗಳನ್ನು ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಹಗಲಿರುಳು, ವಾರಗಟ್ಟಲೆ ಮಲಗಿಸಿ ಉಪಚರಿಸುವ ಪದ್ಧತಿಯನ್ನೂ ಅವನು 1860ರ ದಶಕದಲ್ಲಿ ಆಚರಣೆಗೆ ತಂದನು. ಅವನ ಶಿಷ್ಯರಲ್ಲಿ ಹಂಗೆರಿಯಿಂದ ಬಂದ ಮೋರಿಟ್ಸ್ ಕಪೋಸಿ ಪ್ರಸಿದ್ಧನು. ಅವನು ಹೆಬ್ರಾನ ಮಗಳನ್ನು ಮದುವೆಯಾಗಿ, ಮಾವನ ತರುವಾಯ ಅದೇ ಪೀಠವನ್ನು ಅಲಂಕರಿಸಿದನು.

ಗೆಳೆಯನ ಕಥೆ

ಹೆಬ್ರಾನ ಜೀವನದಲ್ಲಿ ಮರೆಯಬಾರದ ಇನ್ನೊಂದು ಅಧ್ಯಾಯವಿದೆ. ಅದೇ ಆಸ್ಪತ್ರೆಯ ಹೆರಿಗೆಯ ವಿಭಾಗದಲ್ಲಿ ಅವನ ಗೆಳೆಯ ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಕೆಲಸ ಮಾಡುತ್ತಿದ್ದನು. ಅಲ್ಲಿನ ಒಂದು ವಿಭಾಗದಲ್ಲಿ 1846ರಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಶವಪರೀಕ್ಷೆ ಮಾಡಿದ ಕೈಗಳಿಂದಲೇ ವೈದ್ಯರು ಹೆರಿಗೆ ಮಾಡಿಸುವುದು ಇದಕ್ಕೆ ಕಾರಣವೆಂದು ಕಂಡುಹಿಡಿದ ಸೆಮ್ಮೆಲ್‌ವೈಸ್ 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈತೊಳೆಯುವ ನಿಯಮವನ್ನು ಮಾಡಿದನು. 1848ರಲ್ಲಿ ಸಾವು ನೂರಕ್ಕೆ ಒಂದೂಕಾಲರ ಸುಮಾರಿಗೆ ಇಳಿಯಿತು.

ಸೆಮ್ಮೆಲ್‌ವೈಸ್ ಬರವಣಿಗೆಗೆ ಹಿಂಜರಿಯುವ ಸ್ವಭಾವದವನು. ವೈದ್ಯಸಂಘದ ಪತ್ರಿಕೆಯ ಸಂಪಾದಕನಾಗಿದ್ದ ಹೆಬ್ರಾ 1847ರ ಡಿಸೆಂಬರಿನಲ್ಲಿಯೂ 1848ರ ಏಪ್ರಿಲಿನಲ್ಲಿಯೂ ಗೆಳೆಯನ ಶೋಧವನ್ನು ತಾನೇ ಬರೆದು ಪ್ರಕಟಿಸಿದನು. ಜೆನ್ನರನು ಕಂಡುಹಿಡಿದ ಸಿಡುಬಿನ ತಡೆಗೆ ಅದನ್ನು ಹೋಲಿಸಿದನು. ಆದರೆ ಹಿರಿಯ ವೈದ್ಯರು ಬಹುಮಂದಿ ಒಪ್ಪಲಿಲ್ಲ. ನೊಂದ ಸೆಮ್ಮೆಲ್‌ವೈಸ್ 1850ರಲ್ಲಿ ವಿಯೆನ್ನಾವನ್ನು ಬಿಟ್ಟು ಹೋದನು.

ಹದಿನೈದು ವರ್ಷಗಳ ಬಳಿಕ, 1865ರ ಜುಲೈಯಲ್ಲಿ, ಬುದ್ಧಿ ಕದಡಿದ್ದ ಸೆಮ್ಮೆಲ್‌ವೈಸನನ್ನು ಮನೆಯವರು ವಿಯೆನ್ನಾಕ್ಕೆ ಕರೆತಂದರು. ಅವನನ್ನು ನಿಲ್ದಾಣದಲ್ಲಿ ಎದುರುಗೊಂಡು, ತನ್ನ ಹೊಸ ಚಿಕಿತ್ಸಾಲಯವನ್ನು ತೋರಿಸುವೆನೆಂಬ ನೆಪದಿಂದ ಹುಚ್ಚಾಸ್ಪತ್ರೆಗೆ ಒಯ್ದು ಸೇರಿಸಿದವನು ಹೆಬ್ರಾನೇ. ಎರಡು ವಾರಗಳಲ್ಲಿ, ಆಗಸ್ಟ್ 13ರಂದು, 47ರ ವಯಸ್ಸಿನ ಆ ಮಹನೀಯನು ಅಲ್ಲಿಯೇ ತೀರಿಕೊಂಡನು. ಗೆಳೆಯನಿಗೆ ಹಿತವಾಗಲೆಂದು ಹೆಬ್ರಾ ಹಾಗೆ ಮಾಡಿರಬಹುದು. ಆದರೂ ಗೆಳೆಯನ ಸತ್ಯವನ್ನು ಲೋಕಕ್ಕೆ ಮೊದಲು ಸಾರಿದ ಕೈಯೇ ಅವನನ್ನು ಕೊನೆಯ ಬಾಗಿಲಿಗೆ ಒಯ್ದಿತೆಂಬುದು ಓದುವವರ ಮನಸ್ಸನ್ನು ಕಲಕುತ್ತದೆ.

ಕೊನೆಯ ಮಾತು

ಹೆಬ್ರಾ 1880ರ ಆಗಸ್ಟ್ 5ರಂದು ವಿಯೆನ್ನಾದಲ್ಲಿ ನಿಧನನಾದನು. ಅವನ ಸಿದ್ಧಾಂತಗಳೆಲ್ಲವೂ ಉಳಿದಿಲ್ಲ. ತೊಡೆಸಂದಿಯ ತುರಿಕೆಯೊಂದನ್ನು ಅವನು 1860ರಲ್ಲಿ ಇಸುಬಿನ ಹೆಸರಿನಿಂದ ವರ್ಣಿಸಿದನು. ಅದು ಶಿಲೀಂಧ್ರದಿಂದ ಬರುವ ಗಜಕರ್ಣವೆಂಬುದು ಬಳಿಕ ಇತ್ಯರ್ಥವಾಯಿತು. ಹೊರಗಿನ ಕಾರಣಗಳಿಗೆ ಅವನು ಕೊಟ್ಟ ಮಹತ್ತ್ವದ ಭರದಲ್ಲಿ, ಹುಟ್ಟಿನಿಂದಲೇ ಬರುವ ದೇಹಗುಣವೂ ಇಸುಬಿಗೆ ಕಾರಣವಾಗುವುದುಂಟೆಂಬ ಸಂಗತಿ ಹಿಂದೆ ಬಿದ್ದಿತು.

ಆದರೆ ಕಜ್ಜಿಯ ವಿಷಯದಲ್ಲಿ ಅವನ ತೀರ್ಮಾನ ಕದಲಲಿಲ್ಲ. ನುಸಿ ಮೊದಲ ಸಲ ತಗಲಿದಾಗ ತುರಿಕೆ ತೊಡಗಲು ಮೂರರಿಂದ ಆರು ವಾರ ಬೇಕಾಗುತ್ತದೆ ಎಂಬುದನ್ನು ಮುಂದಿನವರು ಕಂಡುಕೊಂಡರು. ಆದುದರಿಂದ ತುರಿಕೆಯಿಲ್ಲದವನೂ ರೋಗವನ್ನು ಹರಡಬಲ್ಲನು. ಒಬ್ಬನಿಗೆ ಕಜ್ಜಿ ಬಂದರೆ ಅವನೊಬ್ಬನೇ ಔಷಧ ಹಚ್ಚಿಕೊಂಡು ಪ್ರಯೋಜನವಿಲ್ಲ. ಕೋಣೆಯಲ್ಲಿ ಜೊತೆಗೆ ಮಲಗುವವರೆಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು. ಉಡುವ ಹೊದೆಯುವ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ವೈದ್ಯರು ಹೇಳಿದಂತೆ ವಾರದ ಮೇಲೆ ಮತ್ತೊಮ್ಮೆ ಹಚ್ಚಬೇಕು. ಈಗ ಪರ್ಮೆಥ್ರಿನ್ ಮುಲಾಮು, ಐವರ್ಮೆಕ್ಟಿನ್ ಗುಳಿಗೆಗಳಂತಹ ಔಷಧಗಳಿವೆ. ಹೀಗಿದ್ದರೂ ಜಗತ್ತಿನಲ್ಲಿ ಯಾವುದೇ ಸಮಯದಲ್ಲಿ 20 ಕೋಟಿಗೂ ಹೆಚ್ಚು ಜನ ಕಜ್ಜಿಯಿಂದ ನರಳುತ್ತಿರುವರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2017ರಲ್ಲಿ ಆ ಸಂಸ್ಥೆ ಕಜ್ಜಿಯನ್ನು ಉಪೇಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು.

ಔಷಧವಿದ್ದೂ ರೋಗ ಉಳಿದಿರುವುದಕ್ಕೆ ಬಡತನ, ಇಕ್ಕಟ್ಟು ಕಾರಣಗಳೆಂಬುದು ನಿಜ. ನಾಚಿಕೆಯೂ ಒಂದು ಕಾರಣ. ಜೊತೆಗಾರನ ಕೈಯಲ್ಲಿ ಕಜ್ಜಿ ಕಂಡಾಗ ದೂರ ಸರಿಯದೆ, ಅವನನ್ನು ಆಸ್ಪತ್ರೆಗೆ ಕರೆದೊಯ್ದು, ತಾವೂ ಔಷಧ ಹಚ್ಚಿಕೊಳ್ಳುವವರು ಹೆಬ್ರಾನ ಕೆಲಸವನ್ನೇ ಮುಂದುವರಿಸುತ್ತಾರೆ.