ಸ್ಯಾನ್‌ಫೋರ್ಡ್ ಮಾಸ್ ಮತ್ತು ನಮ್ಮ ಲಾರಿಯ ಟರ್ಬೊ

ಮಿತ್ರರೇ, ಗೋಡೆ ಪತ್ರಿಕೆಗೆ ಮಹನೀಯರ ಜೀವನ ಬರೆಯಿರಿ ಎಂದು ಮೇಷ್ಟ್ರು ಹೇಳಿದ ಕೂಡಲೇ ಗಾಂಧೀಜಿ, ವಿಶ್ವೇಶ್ವರಯ್ಯ ಎಲ್ಲರನ್ನೂ ನೀವು ನೀವೇ ಹಂಚಿಕೊಂಡುಬಿಟ್ಟಿರಿ. ನನಗೆ ಉಳಿದದ್ದು ದೊಡ್ಡಪ್ಪನ ಲಾರಿ. ನಗಬೇಡಿ. ಆ ಲಾರಿಯಿಂದಲೇ ನನಗೆ ಈ ಮನುಷ್ಯ ಸಿಕ್ಕಿದ್ದು.

ಮೆಕ್ಕೆಜೋಳದ ಲೋಡು ಹೊತ್ತು ಘಟ್ಟ ಹತ್ತುವಾಗ ಲಾರಿ ಎಳೆಯದೇ ಹೋಯಿತು. ಬರೀ ಕರೀ ಹೊಗೆ, ಜೊತೆಗೆ ಸುಯ್ ಅಂತ ಶಬ್ದ. ನ್ಯಾಮತಿಗೆ ತಂದು ಬಿಚ್ಚಿಸಿದಾಗ ಟರ್ಬೊದ ಬೀಡಿನ ಹೌಸಿಂಗ್ ಸೀಳಿತ್ತು. ಬಸವನ ಹುಳುವಿನ ಚಿಪ್ಪಿನಂಥ ಆಕಾರ, ಅದರ ಹೊಟ್ಟೆಯ ಮೇಲೆ ಕೂದಲೆಳೆಯಷ್ಟು ಬಿರುಕು. ಇಷ್ಟು ಸಣ್ಣ ಬಿರುಕಿಗೆ ಇಷ್ಟು ದೊಡ್ಡ ಲಾರಿ ನಿಲ್ಲುತ್ತದೆಯೇ ಎಂದು ನನಗೆ ಆಶ್ಚರ್ಯವಾಯಿತು.

ಟರ್ಬೊ ಅಂದರೆ ಎಂಜಿನ್ನಿನ ಊದುಗೊಳವೆ. ಒಲೆಗೆ ಅಜ್ಜಿ ಬಾಯಿಂದ ಊದುತ್ತಾಳೆ. ಇಲ್ಲಿ ಎಂಜಿನ್ ಬಿಟ್ಟ ಹೊಗೆಯೇ ಒಂದು ಚಕ್ರ ತಿರುಗಿಸುತ್ತದೆ, ಅದೇ ದಂಡಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಈ ಉಪಾಯಕ್ಕೆ 1905ರಲ್ಲೇ ಪೇಟೆಂಟ್ ಪಡೆದವರು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ. ಆದರೆ ಅದನ್ನು ವಿಮಾನಕ್ಕೆ ಕಟ್ಟಿ ಆಕಾಶಕ್ಕೆ ಕಳಿಸಿದವರಲ್ಲಿ ನನಗೆ ಹಿಡಿಸಿದವರು ಸ್ಯಾನ್‌ಫೋರ್ಡ್ ಮಾಸ್.

ಮಾಸ್ 1872ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದರು. ಹದಿನಾರನೇ ವಯಸ್ಸಿಗೇ, ಅಂದರೆ ನಮಗಿಂತ ಒಂದು ವರ್ಷ ದೊಡ್ಡವರಿದ್ದಾಗ, ಯಂತ್ರದ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದರು. ಅಲ್ಲಿ ಗಾಳಿ ಒತ್ತುವ ಯಂತ್ರ ನೋಡುತ್ತಾ, ಒತ್ತಿದ ಗಾಳಿಯಲ್ಲಿ ಎಣ್ಣೆ ಉರಿಸಿ ಚಕ್ರ ತಿರುಗಿಸಬಹುದಲ್ಲ ಎಂಬ ಯೋಚನೆ ಹೊಳೆಯಿತು. ಆಮೇಲೆ ಕಾಲೇಜು ಓದಿ, 1903ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಲ್ಲಿ ಅವರು ಕಟ್ಟಿದ ಯಂತ್ರ ತಿರುಗಿತು ನಿಜ, ಆದರೆ ಅದು ಕೊಟ್ಟ ಶಕ್ತಿಗಿಂತ ಗಾಳಿ ಒತ್ತಲು ಬೇಕಾದ ಶಕ್ತಿಯೇ ಹೆಚ್ಚು! ಅದೇ ವರ್ಷ ಜನರಲ್ ಎಲೆಕ್ಟ್ರಿಕ್ ಕಂಪನಿ ಸೇರಿದರು. 1907ರಲ್ಲಿ ಕಂಪನಿಯವರು ಲಾಭವಿಲ್ಲವೆಂದು ಆ ಪ್ರಯೋಗವನ್ನೇ ನಿಲ್ಲಿಸಿದರು.

ಹತ್ತು ವರ್ಷ ಕಳೆಯಿತು. ಮೊದಲನೇ ಮಹಾಯುದ್ಧ. ವಿಮಾನ ಮೇಲೇರಿದಂತೆ ಗಾಳಿ ತೆಳುವಾಗಿ ಎಂಜಿನ್ ಸೋಲುತ್ತಿತ್ತು. ಫ್ರಾನ್ಸಿನಲ್ಲಿ ರಾಟೋ ಎಂಬುವರು ಟರ್ಬೊ ಮಾಡುತ್ತಿದ್ದ ಸುದ್ದಿ ಬಂತು. ಆಗ ಕಾರ್ನೆಲ್‌ನಲ್ಲಿ ಮಾಸ್‌ಗೆ ಪಾಠ ಹೇಳಿದ್ದ ಡ್ಯುರಾಂಡ್ ಮೇಷ್ಟ್ರಿಗೆ ತಮ್ಮ ಹಳೇ ಶಿಷ್ಯನ ನೆನಪಾಯಿತು. (ನಮ್ಮ ಮೇಷ್ಟ್ರು ಇದನ್ನು ಗಮನಿಸಬೇಕಾಗಿ ವಿನಂತಿ.)

ಪರೀಕ್ಷೆ ಮಾಡಲು ಎತ್ತರ ಬೇಕಲ್ಲ? 1918ರಲ್ಲಿ ಮಾಸ್ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಲಾರಿಯ ಮೇಲೆ ಕೂರಿಸಿ ಪೈಕ್ಸ್ ಪೀಕ್ ಎಂಬ ಬೆಟ್ಟದ ತುದಿಗೆ ಏರಿಸಿದರು. ಅದು 14,000 ಅಡಿಗೂ ಮೇಲು. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಅಷ್ಟಾಗದು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ ಬರೇ 230 ಕೊಟ್ಟಿತು. ಟರ್ಬೊ ಜೋಡಿಸಿದಾಗ 356! ಈ ಜಾಗ ಓದುವಾಗ ನಾನು ಚಪ್ಪಾಳೆ ಹೊಡೆದೆ, ಮನೆಯವರು ಬೈದರು.

1920ರಲ್ಲಿ ಶ್ರೋಡರ್ ಎಂಬ ವೈಮಾನಿಕ ಈ ಟರ್ಬೊ ಕಟ್ಟಿದ ವಿಮಾನದಲ್ಲಿ 33,000 ಅಡಿ ದಾಟಿದ. ಆಮ್ಲಜನಕ ಸಾಲದೆ, ಕಣ್ಣು ಹಿಮಗಟ್ಟಿ, ಹೇಗೋ ಜೀವಂತ ಇಳಿದ. ಎಂಜಿನ್ ತಡೆಯಿತು, ಮನುಷ್ಯ ತಡೆಯಲಿಲ್ಲ.

ಮಾಸ್‌ಗೆ ಕಡೇವರೆಗೂ ಕಾಡಿದ್ದು ಬಿಸಿ. ಕೆಂಪಗೆ ಕಾದ ಹೊಗೆಯಲ್ಲಿ ಚಕ್ರ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು. ಹಾರುವಾಗಿನ ಗಾಳಿ ತಾಗಿ ತಣ್ಣಗಾಗಲಿ ಎಂದು ಚಕ್ರವನ್ನು ಹೊರಗೇ ಕಾಣುವಂತೆ ಕೂರಿಸಿದ್ದರು. ಮುಂದೆ ಕೃತಕ ಹಲ್ಲಿನ ಕೆಲಸಕ್ಕೆ ಬಳಸುತ್ತಿದ್ದ ವೈಟಾಲಿಯಂ ಎಂಬ ಮಿಶ್ರಲೋಹದಲ್ಲಿ ಚಕ್ರದ ಎಲೆಗಳನ್ನು ಎರಕ ಹೊಯ್ದರು. 1938ರಲ್ಲಿ ಮಾಸ್ ನಿವೃತ್ತರಾದರೂ ಯುದ್ಧ ಬಂದಾಗ ಮತ್ತೆ ಕೆಲಸಕ್ಕೆ ಹೋದರು. 1940ರ ಕೊಲಿಯರ್ ಟ್ರೋಫಿ ಅವರಿಗೆ ಸಂದಿತು. 1946ರ ನವೆಂಬರಿನಲ್ಲಿ ತೀರಿಕೊಂಡರು.

ಅವರ ಕೆಲಸ ನಮ್ಮ ಬೆಂಗಳೂರಿಗೂ ಬಂತು. ಯುದ್ಧ ಮುಗಿದ ಮೇಲೆ ಲಿಬರೇಟರ್ ಎಂಬ ಬಾಂಬರ್ ವಿಮಾನಗಳನ್ನು ಯಾರಿಗೂ ಉಪಯೋಗವಾಗದಂತೆ ಬೇಕೆಂದೇ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ಒಂದೊಂದಕ್ಕೂ ನಾಲ್ಕು ಎಂಜಿನ್, ನಾಲ್ಕು ಟರ್ಬೊ. ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನವರು ಅವುಗಳಲ್ಲಿ ಸುಮಾರು 40ನ್ನು ಹಾರಿಸಿಕೊಂಡು ಬೆಂಗಳೂರಿಗೆ ತಂದು ರಿಪೇರಿ ಮಾಡಿದರು. 1948ರಿಂದ 1968ರವರೆಗೆ ಅವು ನಮ್ಮ ವಾಯುಪಡೆಯಲ್ಲಿ ಹಾರಿದವು.

1962ರಲ್ಲಿ ಟರ್ಬೊ ಅಮೆರಿಕದ ಕಾರಿಗೆ ಬಂತು, ಆಮೇಲೆ ಪೋರ್ಷೆಯಂಥ ಸ್ಪೋರ್ಟ್ಸ್ ಕಾರಿಗೆ. ಡೀಸೆಲ್ ಲಾರಿಗಿಂತ ಪೆಟ್ರೋಲ್ ಕಾರಿನ ಹೊಗೆ ಇನ್ನೂ ಬಿಸಿ, 900 ಡಿಗ್ರಿ ದಾಟುವುದುಂಟು. ಕಾದು ಹಿಗ್ಗಿ, ಆರಿ ಕುಗ್ಗಿ, ಒಂದು ಕಡೆ ದಪ್ಪ ಒಂದು ಕಡೆ ತೆಳು ಇರುವ ಹೌಸಿಂಗ್ ಸೀಳುವುದು ಹೀಗೆ. ಒಳಗಿನ ಚಿಕ್ಕ ಗೆರೆಯಾದರೆ ನೋಡಿಕೊಂಡು ಓಡಿಸಬಹುದಂತೆ. ಬಿರುಕು ಹೊರಗಿನವರೆಗೆ ತೂರಿದರೆ ಹೊಗೆ ಅಲ್ಲೇ ಸೋರಿಹೋಗುತ್ತದೆ, ಚಕ್ರಕ್ಕೆ ಬಲ ಸಾಲದು.

ದೊಡ್ಡಪ್ಪ ದುಡ್ಡು ಉಳಿಯಲಿ ಎಂದು ವೆಲ್ಡಿಂಗ್ ಮಾಡಿಸಿದರು. ಬೀಡನ್ನು ಪೂರ್ತಿ ಕಾಯಿಸಿ, ನಿಕ್ಕಲ್ ಕಡ್ಡಿಯಲ್ಲಿ ಬೆಸೆದು, ಬೂದಿಯಲ್ಲಿ ಹೂತು ನಿಧಾನಕ್ಕೆ ಆರಿಸಬೇಕು. ನಮ್ಮದನ್ನು ಅವಸರಕ್ಕೆ ಹಾಗೇ ಬೆಸೆದರು. ಇಪ್ಪತ್ತು ದಿನಕ್ಕೆ ಬೆಸುಗೆಯ ಪಕ್ಕದಲ್ಲೇ ಹೊಸ ಸೀಳು. ಕೊನೆಗೆ ಸಾಲ ಮಾಡಿ ಹೊಸ ಹೌಸಿಂಗ್ ಹಾಕಿಸಿದರು. ಮೊನ್ನೆ ಲೋಡು ಘಟ್ಟ ಹತ್ತಿತು.

ಹಳೇ ಹೌಸಿಂಗನ್ನು ಕೇಳಿ ತಂದು ವಿಜ್ಞಾನ ಕೊಠಡಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಎರಡು ಸೀಳೂ ಕಾಣುತ್ತವೆ. ಬಂದು ನೋಡಿ, ಭಾರ ಐತಿ, ಕಾಲ ಮೇಲೆ ಬೀಳಿಸಿಕೊಳ್ಳಬೇಡಿ.